ಬಿಡುವಿಲ್ಲದ ಚಳಿಗಾಲ

ಟೆನೆಸ್ಸಿಯಲ್ಲಿ ಡಿಸೆಂಬರ್‌ನ ಬೆಚ್ಚನೆಯ ದಿನವನ್ನು ಯಾರೂ ಬಾಯಿ ತುಂಬ ಹೊಗಳುವುದಿಲ್ಲ. ಬಿಸಿಲು ಮೈಗೆ ಹಿತವಾಗಿಯೇ ಇರುತ್ತದೆ. ಮಕ್ಕಳು ಅರ್ಧ ತೋಳಿನ ಅಂಗಿಯಲ್ಲಿ ಸೈಕಲ್ ಹೊಡೆಯುತ್ತಿರುತ್ತಾರೆ. ಕ್ರಿಸ್‌ಮಸ್‌ಗೆಂದು ಅಂಗಳದಲ್ಲಿ ಗಾಳಿ ತುಂಬಿ ನಿಲ್ಲಿಸಿದ ಸಾಂತಾಕ್ಲಾಸ್ ಟೋಪಿ, ಕೈಗವಸು ಸಮೇತ ಬಿಸಿಲು ಕಾಯುತ್ತಿರುತ್ತಾನೆ. ಪಕ್ಕದ ಮನೆಯವರು ಮಾತಿಗೆ ನಿಂತು "ಎಂಥಾ ಹವೆ!" ಅನ್ನುತ್ತಾರೆ, ಅನ್ನುತ್ತಲೇ ನೈಋತ್ಯದ ಕಡೆಗೊಮ್ಮೆ ಕಣ್ಣು ಹಾಯಿಸುತ್ತಾರೆ.

ಅಕ್ಕ–ಭಾವ ಇರುವುದು ಕ್ಲಾರ್ಕ್ಸ್‌ವಿಲ್‌ನಲ್ಲಿ. ನ್ಯಾಶ್‌ವಿಲ್‌ನಿಂದ ವಾಯವ್ಯಕ್ಕೆ ಒಂದು ಗಂಟೆಯೊಳಗಿನ ದಾರಿ. ಕಂಬರ್‌ಲ್ಯಾಂಡ್ ನದಿಯ ದಂಡೆ. ಕೂಗಳತೆಯಲ್ಲಿ ಫೋರ್ಟ್ ಕ್ಯಾಂಪ್‌ಬೆಲ್ ಸೇನಾ ನೆಲೆ. ಡಿಸೆಂಬರ್‌ನಲ್ಲಿ ಇಲ್ಲಿನ ಹಗಲು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ನಾನು ಹೋದಾಗ 20 ದಾಟಿತ್ತು. ಬೆಂಗಳೂರಿನಲ್ಲಿ ಯಾರಿಂದಲೋ ಕೇಳಿ ತಂದ ದಪ್ಪ ಕೋಟು ಸೂಟ್‌ಕೇಸಿನಿಂದ ಹೊರಗೆ ಬರಲೇ ಇಲ್ಲ.

"ಬೆಂಗ್ಳೂರಿನ ಹವೆ ಕಟ್ಕೊಂಡು ಬಂದಿದೀಯ ಮಾರಾಯ, ಹೋಗೋವಾಗ ವಾಪಸ್ ತಗೊಂಡ್ ಹೋಗು," ಎಂದಳು ಅಕ್ಕ. ತಮಾಷೆಗೇ ಅಂದದ್ದು. ಆದರೆ ಅಂದವಳು ಅಡುಗೆಮನೆಯ ಕಟ್ಟೆಯ ಮೇಲಿದ್ದ ಪುಟ್ಟ ರೇಡಿಯೊವನ್ನು ಎತ್ತಿಕೊಂಡು, ಹಿಂಬದಿ ತೆಗೆದು, ಹಳೆಯ ಬ್ಯಾಟರಿ ಬದಲಿಸಿದಳು. ಅದು ಹಾಡು, ಸುದ್ದಿ ಕೇಳಿಸುವ ರೇಡಿಯೊ ಅಲ್ಲ. ಹವಾಮಾನ ಇಲಾಖೆಯ ಪ್ರಸಾರ ಒಂದನ್ನೇ ಹಿಡಿಯುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಅಪಾಯ ಬಂದಾಗ ಸತ್ತವರೂ ಎದ್ದು ಕೂರುವಂತೆ ಅರಚುತ್ತದೆ.

2023ರ ಡಿಸೆಂಬರ್ 9ರ ಶನಿವಾರ ಮಧ್ಯಾಹ್ನ ಇದೇ ಕ್ಲಾರ್ಕ್ಸ್‌ವಿಲ್‌ನ ಉತ್ತರದ ಬಡಾವಣೆಗಳ ಮೇಲೆ ಸುಂಟರಗಾಳಿ ಹಾದುಹೋಯಿತು. ಕನಿಷ್ಠ ಮೂವರು ಸತ್ತರು. ಅದೇ ದಿನ ನ್ಯಾಶ್‌ವಿಲ್‌ನ ಮ್ಯಾಡಿಸನ್‌ನಲ್ಲಿ ಮತ್ತೆ ಮೂವರು. ಕ್ರಿಸ್‌ಮಸ್ ಖರೀದಿಗೆ ಜನ ಓಡಾಡುವ ಹೊತ್ತದು. ಅಕ್ಕನ ಮನೆಗೆ ಏನೂ ಆಗಲಿಲ್ಲ. ಕೆಲವೇ ಮೈಲಿ ಆಚೆ ಭಾವನ ಸಹೋದ್ಯೋಗಿಯೊಬ್ಬರ ಮನೆಯ ಮಾಡು ಹಾರಿಹೋಯಿತು. ಅಂದಿನಿಂದ ಈ ಮನೆಯಲ್ಲಿ ಹವೆಯ ಬಗ್ಗೆ ಬರೀ ಮಾತಿಗೆಂದು ಯಾರೂ ಮಾತಾಡುವುದಿಲ್ಲ.

ಬೆಚ್ಚಗಿನ ದಿನಕ್ಕೂ ಆ ಗಾಳಿಗೂ ಇರುವ ನಂಟನ್ನು ನಾನು ಹೋದ ದಿನ ಸಂಜೆ ಭಾವ ಕಾಫಿ ಕುಡಿಯುತ್ತಾ ವಿವರಿಸಿದರು. ಈ ಸೀಮೆಯಲ್ಲಿ ಬಾಳಿದ ಪ್ರತಿಯೊಬ್ಬರೂ ಅರ್ಧ ಹವಾಮಾನ ತಜ್ಞರೇ. ಸುಂಟರಗಾಳಿ ಹುಟ್ಟಬೇಕಾದರೆ ಮುಖ್ಯವಾಗಿ ಎರಡು ಕೂಡಿಬರಬೇಕು. ಒಂದು, ನೆಲದ ಮಟ್ಟದಲ್ಲಿ ಬೆಚ್ಚನೆಯ, ತೇವ ತುಂಬಿದ, ಮೇಲೇರಲು ತವಕಿಸುವ ಗಾಳಿ. ಇನ್ನೊಂದು, ಎತ್ತರಕ್ಕೆ ಹೋದಂತೆಲ್ಲ ವೇಗವನ್ನೂ ದಿಕ್ಕನ್ನೂ ಬದಲಿಸುವ ಗಾಳಿ. ಎರಡನೆಯದಕ್ಕೆ ಚಳಿಗಾಲದಲ್ಲಿ ಬರವಿಲ್ಲ. ಉತ್ತರದ ಹಿಮಕ್ಕೂ ದಕ್ಷಿಣದ ಕಡಲಿಗೂ ಉಷ್ಣಾಂಶದ ಅಂತರ ಹೆಚ್ಚಿದಷ್ಟೂ ಮೇಲಿನ ಜೆಟ್ ಪ್ರವಾಹದ ರಭಸ ಹೆಚ್ಚುತ್ತದೆ, ಅದು ದಕ್ಷಿಣಕ್ಕೂ ಇಳಿಯುತ್ತದೆ. ಕೊರತೆ ಇರುವುದು ಮೊದಲನೆಯದಕ್ಕೆ. ಸಾಮಾನ್ಯ ಚಳಿಗಾಲದಲ್ಲಿ ನೆಲದ ಗಾಳಿ ಒಣಗಿ, ತಣ್ಣಗೆ, ಭಾರವಾಗಿ ಬಿದ್ದುಕೊಂಡಿರುತ್ತದೆ. ಮೇಲೆ ಎಂಥ ಬಿರುಸಿದ್ದರೂ ಕೆಳಗೆ ಅದಕ್ಕೆ ಒದಗುವುದೇನೂ ಇರುವುದಿಲ್ಲ. ಆದರೆ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ತೆಂಕಣ ಗಾಳಿ ದಿನವೆಲ್ಲ ಬೀಸಿತೆಂದರೆ ಕೊಲ್ಲಿಯ ಸೆಕೆ, ಕೊಲ್ಲಿಯ ತೇವ ನೂರಾರು ಕಿಲೋಮೀಟರ್ ದಾಟಿ ಕೆಂಟಕಿಯವರೆಗೂ ಬರುತ್ತದೆ. ಆಗ ಕೊರತೆ ತುಂಬಿತು.

ತಿರುಗುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಅಕ್ಕ ಎರಡೂ ಅಂಗೈ ಜೋಡಿಸಿ ದೀಪದ ಬತ್ತಿ ಹೊಸೆಯುವಂತೆ ತೋರಿಸಿದಳು. ಮೇಲಿನ ಕೈ ಬೇಗ, ಕೆಳಗಿನ ಕೈ ನಿಧಾನ. ನಡುವಿನ ಹತ್ತಿ ಸುರುಳಿಯಾಗುತ್ತದೆ. ನೆಲಕ್ಕೆ ಸಮನಾಗಿ ಮಲಗಿರುವ ಆ ಗಾಳಿಯ ಸುರುಳಿಯನ್ನು ಮೇಲೇರುವ ಬಿಸಿಗಾಳಿ ಎತ್ತಿ ನಿಲ್ಲಿಸಿದಾಗ ಗುಡುಗುಮೋಡವೇ ತಿರುಗತೊಡಗುತ್ತದೆ. ಅಂಥ ಮೋಡಗಳಲ್ಲಿ ಕೆಲವಷ್ಟೇ ನೆಲಕ್ಕೆ ಸೊಂಡಿಲು ಇಳಿಸುತ್ತವೆ. ಯಾವುದು ಇಳಿಸುತ್ತದೆ, ಯಾವುದು ಸುಮ್ಮನೆ ಗುಡುಗಿ ಹೋಗುತ್ತದೆ ಎಂದು ಮೊದಲೇ ನಿಖರವಾಗಿ ಹೇಳುವುದು ಇವತ್ತಿಗೂ ಕಷ್ಟವೇ. ಚಳಿಗಾಲದ ಮೋಡಕ್ಕೆ ಇನ್ನೊಂದು ಗುಣವಿದೆ. ಮೇಲಿನ ಗಾಳಿಯ ರಭಸಕ್ಕೆ ಅದು ಗಂಟೆಗೆ 80–90 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ದೂರದಲ್ಲಿ ಕಂಡಾಗ ಯೋಚಿಸೋಣ ಎಂದವರಿಗೆ ಯೋಚಿಸಲು ಸಮಯ ಸಿಗುವುದಿಲ್ಲ.

2021ರ ಡಿಸೆಂಬರ್‌ನಲ್ಲಿ ಸುಂಟರಗಾಳಿ ಹೊಡೆದ ಕೆಂಟಕಿಯ ಮೇಫೀಲ್ಡ್ ನೋಡಬೇಕೆಂದು ನಾನೇ ಕೇಳಿದೆ. ದುರಂತ ನಡೆದ ಊರನ್ನು ನೋಡಲು ಹೋಗುವುದರಲ್ಲಿ ಒಂದು ಮುಜುಗರ ಇದ್ದೇ ಇರುತ್ತದೆ. ಭಾವ ಆ ಮುಜುಗರಕ್ಕೆ ಪರಿಹಾರ ಹೇಳಿದರು: "ಹೋಗಿ, ಅಲ್ಲೇ ಊಟ ಮಾಡಿ, ಅಲ್ಲೇ ಪೆಟ್ರೋಲ್ ಹಾಕಿಸಿ ಬರೋಣ. ಊರಿಗೆ ಬೇಕಿರೋದು ಅದೇ."

ಹಾಪ್ಕಿನ್ಸ್‌ವಿಲ್, ಕಡೀಜ್ ದಾಟಿ ಹೆದ್ದಾರಿ 68ರ ಮೇಲೆ ಪಶ್ಚಿಮಕ್ಕೆ ಹೊರಟೆವು. ಈ ಸೀಮೆಯ ಹೊಲಗಳಲ್ಲಿ ಎತ್ತರದ, ಕಿಟಕಿಯಿಲ್ಲದ, ಕಪ್ಪಗೆ ಹೊಗೆ ಹಿಡಿದ ಮರದ ಕೊಟ್ಟಿಗೆಗಳು ನಿಂತಿವೆ. ತಂಬಾಕಿನ ಎಲೆಯನ್ನು ಒಳಗೆ ತೂಗುಹಾಕಿ, ಕೆಳಗೆ ಗಟ್ಟಿಮರದ ಸೌದೆ, ಗರಗಸದ ಹೊಟ್ಟು ಹಾಕಿ ವಾರಗಟ್ಟಲೆ ಹೊಗೆ ಕೊಡುತ್ತಾರೆ. ಶರತ್ಕಾಲದಲ್ಲಿ ಬಂದವರಿಗೆ ಕೊಟ್ಟಿಗೆಗೇ ಬೆಂಕಿ ಬಿದ್ದಿದೆ ಎನಿಸುವಷ್ಟು ಹೊಗೆ ಸಂದುಗಳಿಂದ ಸೂಸುತ್ತದಂತೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕಿನ ಬ್ಯಾರನ್‌ಗಳನ್ನು ಕಂಡಿದ್ದ ನನಗೆ ಇದು ಅದೇ ಕಸುಬಿನ ಬೇರೊಂದು ಮನೆತನ ಎನಿಸಿತು. ಅಲ್ಲಿ ಬಿಸಿಗಾಳಿಯಲ್ಲಿ ಹದವಾಗುವ ಹಳದಿ ಎಲೆ, ಇಲ್ಲಿ ಹೊಗೆಯಲ್ಲಿ ಹದವಾಗುವ ಕಂದು ಎಲೆ.

ಕಂಬರ್‌ಲ್ಯಾಂಡ್, ಟೆನೆಸ್ಸಿ ನದಿಗಳಿಗೆ ಅಣೆಕಟ್ಟು ಕಟ್ಟಿದಾಗ ಎರಡು ಉದ್ದನೆಯ ಸರೋವರಗಳಾದವು. ಅವುಗಳ ನಡುವಿನ ಕಾಡಿನ ಪಟ್ಟಿಗೆ 'ಸರೋವರಗಳ ನಡುವಣ ನಾಡು' ಎಂದೇ ಹೆಸರು. ಸೇತುವೆ ದಾಟುವಾಗ ಕಿಟಕಿ ಇಳಿಸಿದ್ದೆವು; ಒಳಗೆ ಬಂದ ಗಾಳಿಯಲ್ಲಿ ಮಂಗಳೂರಿನ ಅಂಟಂಟು ತೇವವಿತ್ತು. ಎಲೆ ಉದುರಿಸಿಕೊಂಡ ಓಕ್ ಮರಗಳ ನಡುವೆ ಆ ಗಾಳಿ ಬೀಸುವುದೇ ವಿಚಿತ್ರ. ಮರಗಳ ಪಾಲಿಗೆ ಚಳಿಗಾಲ ಬಂದಾಗಿತ್ತು, ಗಾಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

2021ರ ಡಿಸೆಂಬರ್ 10ರ ಹಗಲೂ ಹೀಗೇ ಇತ್ತು. ಆ ದಿನ ಮೆಂಫಿಸ್‌ನಲ್ಲಿ ಉಷ್ಣಾಂಶ 79 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 26 ಸೆಲ್ಸಿಯಸ್ ಮುಟ್ಟಿ, ಆ ತಾರೀಖಿಗೆ 1918ರಿಂದ ಉಳಿದಿದ್ದ ದಾಖಲೆಯನ್ನು ಮುರಿಯಿತು. ಆ ತಿಂಗಳು ಅಮೆರಿಕದ ಮುಖ್ಯಭೂಭಾಗಕ್ಕೆ 1895ರಿಂದೀಚೆಗಿನ ಲೆಕ್ಕದಲ್ಲೇ ಅತ್ಯಂತ ಬೆಚ್ಚನೆಯ ಡಿಸೆಂಬರ್ ಆಯಿತು. ಆ ಸಂಜೆ ಆರ್ಕಾನ್ಸಾದಲ್ಲಿ ಎದ್ದ ಒಂದು ಮೋಡ ರಾತ್ರಿಯೆಲ್ಲ ತಿರುಗುತ್ತಲೇ ಮಿಸ್ಸೌರಿಯ ಮೂಲೆ, ಟೆನೆಸ್ಸಿಯ ಮೂಲೆ ದಾಟಿ ಕೆಂಟಕಿ ಹೊಕ್ಕಿತು. ದಾರಿಯಲ್ಲಿ ಅದು ಇಳಿಸಿದ ದೊಡ್ಡ ಸುಂಟರಗಾಳಿಗಳು ಎರಡು. ಮೊದಲನೆಯದು ಆರ್ಕಾನ್ಸಾದ ಮೊನೆಟ್‌ನ ವೃದ್ಧರ ಆರೈಕೆ ಮನೆಯನ್ನು ಹೊಡೆದು, ಟೆನೆಸ್ಸಿಯ ರೀಲ್‌ಫುಟ್ ಸರೋವರದ ದಂಡೆಯವರೆಗೆ ಬಂತು. ಅದು ಅಡಗಿದ ಸ್ವಲ್ಪ ಹೊತ್ತಿಗೆ ಎರಡನೆಯದು ಇಳಿಯಿತು. ಮೂರು ಗಂಟೆಗೆ ಸಮೀಪ ನೆಲ ಬಿಡದೆ 165 ಮೈಲಿ, ಅಂದರೆ 266 ಕಿಲೋಮೀಟರ್ ಉತ್ತಿತು. 57 ಜನ ಸತ್ತರು. ಮೊದಲಿಗೆ ಎರಡೂ ಒಂದೇ ಇರಬಹುದು, 1925ರ ಮಾರ್ಚ್‌ನಲ್ಲಿ ಮೂರು ರಾಜ್ಯಗಳ ಮೇಲೆ 219 ಮೈಲಿ ಹರಿದು 695 ಜನರನ್ನು ಕೊಂದ ಸುಂಟರಗಾಳಿಯ ದಾಖಲೆಯೇ ಮುರಿಯಿತೇನೋ ಎಂದು ತಜ್ಞರು ಶಂಕಿಸಿದ್ದರು.

ಮೇಫೀಲ್ಡ್ ಹತ್ತು ಸಾವಿರ ಜನರ ಊರು. ನಾವು ಕಾರು ನಿಲ್ಲಿಸಿದ್ದು ಕೌಂಟಿ ನ್ಯಾಯಾಲಯ ಇದ್ದ ಚೌಕದಲ್ಲಿ. 1880ರ ದಶಕದ ಆ ಕಟ್ಟಡದ ಗಡಿಯಾರ ಗೋಪುರವನ್ನು ಅಂದು ರಾತ್ರಿ ಒಂಬತ್ತೂವರೆಯ ಸುಮಾರಿಗೆ ಗಾಳಿ ಉರುಳಿಸಿತು. ಉಳಿದದ್ದನ್ನು ಆಮೇಲೆ ಕೆಡವಿದರು. ಚೌಕದ ಸುತ್ತಲಿನ ಹಳೆಯ ಇಟ್ಟಿಗೆ ಅಂಗಡಿಸಾಲುಗಳು, ಚರ್ಚುಗಳು ಹೋದವು. ಹೊಸ ಕಟ್ಟಡಗಳು ಎದ್ದಿವೆ, ಏಳುತ್ತಿವೆ. ಆದರೆ ಎರಡು ಹೊಸ ಕಟ್ಟಡಗಳ ನಡುವೆ ಹುಲ್ಲು ಸಮನಾಗಿ ಕತ್ತರಿಸಿದ ಖಾಲಿ ಜಾಗ ಪದೇಪದೇ ಎದುರಾಗುತ್ತದೆ. ಪಾರ್ಕು ಅಂದುಕೊಳ್ಳಬೇಕು, ಅಷ್ಟರಲ್ಲಿ ಎಲ್ಲಿಗೂ ಹೋಗದ ಮೂರು ಮೆಟ್ಟಿಲು ಕಾಣಿಸುತ್ತದೆ. ಊಟದ ಹೋಟೆಲಿನಲ್ಲಿ ಬಡಿಸಿದಾಕೆ ನಾವು ಹೊರಗಿನವರೆಂದು ಗುರುತಿಸಿದರೂ ಗಾಳಿಯ ಸುದ್ದಿ ಎತ್ತಲಿಲ್ಲ. ನಮ್ಮ ತಟ್ಟೆಗೆ ಇನ್ನಷ್ಟು ಬೀನ್ಸ್ ಹಾಕಿ, "ಇಂಥ ಸೆಕೆ ಡಿಸೆಂಬರ್‌ನಲ್ಲಿ ನನಗೆ ಆಗೋದಿಲ್ಲ," ಎಂದಷ್ಟೇ ಹೇಳಿ ಹೋದಳು.

ಊರಿನ ಅಂಚಿನಲ್ಲಿ ಪರಿಮಳದ ಮೇಣದಬತ್ತಿ ಮಾಡುವ ಕಾರ್ಖಾನೆಯೊಂದಿತ್ತು. ಹಬ್ಬದ ಬೇಡಿಕೆ ಮುಗಿಸಲು ಆ ರಾತ್ರಿ 110 ಜನ ಕೆಲಸದಲ್ಲಿದ್ದರು. ಅವರಲ್ಲಿ ಕೌಂಟಿ ಜೈಲಿನಿಂದ ಕೂಲಿಗೆ ಬಂದಿದ್ದ ಕೈದಿಗಳೂ, ಅವರನ್ನು ಕಾಯಲು ಬಂದಿದ್ದ ಜೈಲು ಸಿಬ್ಬಂದಿಯೊಬ್ಬರೂ ಇದ್ದರು. ಗಾಳಿ ಕಟ್ಟಡವನ್ನು ನೆಲಸಮ ಮಾಡಿತು. ಒಂಬತ್ತು ಜನ ಸತ್ತರು. ಕೈದಿಗಳು ಬದುಕಿದರು, ಕಾಯುತ್ತಿದ್ದಾತ ಸತ್ತ. ಮೊದಲ ಸೈರನ್ ಕೂಗಿದಾಗ ಮನೆಗೆ ಹೋಗುತ್ತೇವೆ ಎಂದವರಿಗೆ ಹೋದರೆ ಕೆಲಸ ಹೋಗುತ್ತದೆ ಎಂದು ಹೇಳಲಾಯಿತು ಎಂದು ಕೆಲವು ಕಾರ್ಮಿಕರು ಆಮೇಲೆ ಹೇಳಿದರು. ಕಂಪನಿ ಅದನ್ನು ನಿರಾಕರಿಸಿತು. ವಿಷಯ ಕೋರ್ಟು ಹತ್ತಿತು. ಅದೇ ರಾತ್ರಿ ಇಲಿನಾಯ್‌ನಲ್ಲಿ ಆನ್‌ಲೈನ್ ಮಾರಾಟದ ದೊಡ್ಡ ಗೋದಾಮೊಂದರ ಗೋಡೆ ಕುಸಿದು ಆರು ಮಂದಿ ಸತ್ತರು. ಅವರೂ ಹಬ್ಬದ ಪಾರ್ಸೆಲ್‌ಗಳ ಅವಸರದಲ್ಲಿದ್ದವರೇ.

ಆಮೇಲೆ ನಾವು ಹೋದದ್ದು ಮೇಪಲ್‌ವುಡ್ ಸ್ಮಶಾನಕ್ಕೆ. ಹೆನ್ರಿ ವುಲ್‌ರಿಜ್ ಎಂಬ ಕುದುರೆ ವ್ಯಾಪಾರಿ 1899ರಲ್ಲಿ ಸಾಯುವ ಮೊದಲು ತನ್ನ ಸಮಾಧಿಯ ಸುತ್ತ 18 ಕಲ್ಲಿನ ವಿಗ್ರಹಗಳನ್ನು ನಿಲ್ಲಿಸಿದ. ತಾಯಿ, ಸೋದರ ಸೋದರಿಯರು, ಕುದುರೆಯ ಮೇಲೆ ಕೂತ ತಾನು, ಮತ್ತೊಮ್ಮೆ ನಿಂತ ತಾನು, ಎರಡು ನಾಯಿ, ಒಂದು ನರಿ, ಒಂದು ಜಿಂಕೆ. ಎಲ್ಲವೂ ಪೂರ್ವಕ್ಕೆ ಮುಖ ಮಾಡಿ ಎಲ್ಲಿಗೋ ಹೊರಟಂತಿವೆ. ಅಲ್ಲಿ ಹೂತಿರುವುದು ಅವನೊಬ್ಬನನ್ನೇ. ಹೊರಟರೂ ಕದಲದ ಈ ಮೆರವಣಿಗೆಯನ್ನು ನೋಡಲು ಶತಮಾನದಿಂದ ಜನ ಬರುತ್ತಿದ್ದಾರೆ.

ಈ ವಿಗ್ರಹಗಳ ಮೇಲೆ ಎರಡು ಚಳಿಗಾಲಗಳ ಗಾಯವಿದೆ. 2009ರ ಜನವರಿಯಲ್ಲಿ ಹಿಮಗಟ್ಟುವ ಮಳೆ ಬಂತು. ಬಿದ್ದ ಹನಿ ಬಿದ್ದಲ್ಲೇ ಮಂಜುಗಡ್ಡೆಯಾಗಿ ಕೊಂಬೆ, ತಂತಿಗಳಿಗೆ ಕಟ್ಟಿಕೊಂಡಿತು. ಕೆಂಟಕಿಯಲ್ಲಿ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಹೋಯಿತು. ಭಾರ ತಾಳದ ಮರವೊಂದು ಈ ವಿಗ್ರಹಗಳ ಮೇಲೆ ಬಿತ್ತು. ಅದು ಚಳಿಗಾಲ ತನ್ನ ಸ್ವಭಾವದಂತೆ ನಡೆದು ಮಾಡಿದ ಹಾನಿ. 2021ರದ್ದು ಚಳಿಗಾಲ ತನ್ನ ಸ್ವಭಾವ ಬಿಟ್ಟು ಮಾಡಿದ ಹಾನಿ. ಎರಡೂ ಸಲ ಕಲ್ಲನ್ನು ಜೋಡಿಸಿ ನಿಲ್ಲಿಸಿದ್ದಾರೆ.

ಸಮಾಧಿಯೊಂದಕ್ಕೆ ಹೂ ಇಡಲು ಬಂದಿದ್ದ ಹಿರಿಯರೊಬ್ಬರನ್ನು ಭಾವ ಮಾತಿಗೆಳೆದರು. ಎರಡರಲ್ಲಿ ಯಾವುದು ಹೆಚ್ಚು ಕಷ್ಟವಾಯಿತು ಎಂದು ಕೇಳಿದೆವು. ಅವರು ಯೋಚಿಸಿ ಹೇಳಿದ್ದರ ಸಾರ ಇಷ್ಟು: ಹಿಮ ಬಿದ್ದಾಗ ವಾರಗಟ್ಟಲೆ ಒಲೆಯ ಮುಂದೆ ಮಲಗಿದೆವು, ಕಷ್ಟವೇ ಆಯಿತು. ಆದರೆ ಚಳಿಗಾಲವೆಂದರೆ ಅದು ಎಂದು ಗೊತ್ತಿತ್ತು, ಸೌದೆ ಕೂಡಿಟ್ಟಿದ್ದೆವು. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ನೋಡುವುದೂ ಗೊತ್ತಿತ್ತು. ಸುಗ್ಗಿ ಮುಗಿದು, ಎಲೆ ಉದುರಿದ ಮೇಲೆ ಆಕಾಶ ನೋಡುವ ಕೆಲಸ ಮುಗಿಯಿತೆಂದು ಅಂದುಕೊಂಡಿದ್ದೆವು. ಈಗ ಅದು ಮುಗಿಯುವುದೇ ಇಲ್ಲ.

ಹಿಂದಿರುಗುವಾಗ ಬಳಸುದಾರಿ ಹಿಡಿದು ಡಾಸನ್ ಸ್ಪ್ರಿಂಗ್ಸ್ ಮೂಲಕ ಬಂದೆವು. ಕೆಂಟಕಿಯ ಗವರ್ನರ್ ಆಂಡಿ ಬಶಿಯರ್ ಅವರ ತಂದೆಯ ಊರದು. ಅದೇ ಗಾಳಿ ಈ ಪುಟ್ಟ ಊರಿನ ದೊಡ್ಡ ಭಾಗವನ್ನು ಗುಡಿಸಿಹಾಕಿತು. ಇಲ್ಲಿನ ಒಂದು ಮನೆಯಿಂದ ಹಾರಿದ 1942ರ ಕುಟುಂಬದ ಫೋಟೊ ಮರುದಿನ ಬೆಳಿಗ್ಗೆ ಇಂಡಿಯಾನಾದ ನ್ಯೂ ಆಲ್ಬನಿಯಲ್ಲಿ, ಇನ್ನೂರು ಕಿಲೋಮೀಟರ್ ಆಚೆ, ಕಾರಿನ ಗಾಜಿಗೆ ಅಂಟಿಕೊಂಡು ಸಿಕ್ಕಿತ್ತು. ಹಿಂದೆ ಬರೆದಿದ್ದ ಹೆಸರಿನಿಂದ ವಾರಸುದಾರರನ್ನು ಹುಡುಕಿದರು.

ಈ ಗಾಳಿಗೆ ಇಎಫ್4 ಎಂಬ ದರ್ಜೆ ಕೊಟ್ಟಿದ್ದಾರೆ. ವೇಗ ಗಂಟೆಗೆ 190 ಮೈಲಿ ಎಂಬ ಅಂದಾಜು. ಆ ಅಂದಾಜು ಬರುವ ರೀತಿಯೇ ಕುತೂಹಲದ್ದು. ಸುಂಟರಗಾಳಿಯ ಹೊಟ್ಟೆಯೊಳಗೆ ವೇಗ ಅಳೆಯುವ ಉಪಕರಣ ಉಳಿಯುವುದು ಅಪರೂಪ. ಹಾಗಾಗಿ ಮರುದಿನ ಇಲಾಖೆಯವರು ನಡೆದು ಬಂದು, ಮುರಿದದ್ದನ್ನು ನೋಡಿ, ಇಷ್ಟು ಮುರಿಯಬೇಕಾದರೆ ಎಷ್ಟು ಬಿರುಸಿರಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕುತ್ತಾರೆ. ಈ ಕ್ರಮಕ್ಕೆ ಬುನಾದಿ ಹಾಕಿದವರು ಟೆಟ್ಸುಯಾ ಫುಜಿಟಾ. ಜಪಾನಿನ ಕ್ಯೂಶು ದ್ವೀಪದವರು. 1945ರಲ್ಲಿ ನಾಗಾಸಾಕಿಯ ಅವಶೇಷಗಳ ನಡುವೆ ಓಡಾಡಿ, ಮರ, ಕಂಬ ಬಿದ್ದ ದಿಕ್ಕುಗಳಿಂದ ಬಾಂಬು ಎಲ್ಲಿ, ಎಷ್ಟು ಎತ್ತರದಲ್ಲಿ ಸಿಡಿಯಿತೆಂದು ಲೆಕ್ಕ ಮಾಡಿದವರು. 1950ರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದು ಅದೇ ಕಣ್ಣನ್ನು ಸುಂಟರಗಾಳಿಗಳ ಕಡೆ ತಿರುಗಿಸಿದರು. 1971ರಲ್ಲಿ ಅವರು ರೂಪಿಸಿದ ಮಾಪಕವೇ ತಿದ್ದುಪಡಿಯೊಂದಿಗೆ 2007ರಿಂದ ಬಳಕೆಯಲ್ಲಿದೆ. ಅಂದರೆ ಈ ಮಾಪಕ ಗಾಳಿಯನ್ನು ಓದುವುದು ಮನೆಗಳ ಮೂಲಕ. ಎಷ್ಟು ಗಟ್ಟಿ ಕಟ್ಟಿದ್ದರು, ಅಡಿಪಾಯಕ್ಕೆ ಬೋಲ್ಟ್ ಹಾಕಿದ್ದರೋ ಇಲ್ಲವೋ ಎಂಬುದೂ ಅದರಲ್ಲಿ ಬರುತ್ತದೆ. ಊರು ಹೇಗೆ ಬದುಕಿತ್ತು ಎಂಬುದನ್ನು ಬಿಟ್ಟು ಗಾಳಿ ಎಷ್ಟಿತ್ತು ಎಂದು ಹೇಳಲು ಬರುವುದಿಲ್ಲ.

ಟೆನೆಸ್ಸಿ, ಕೆಂಟಕಿ, ಅಲಬಾಮಾ, ಮಿಸಿಸಿಪಿ ಸೀಮೆಯಲ್ಲಿ ಈ ಮಾತು ಇನ್ನಷ್ಟು ನಿಜ. ಸಿನಿಮಾಗಳಲ್ಲಿ ಕಾಣುವ ಕಾನ್ಸಾಸ್, ಒಕ್ಲಹೋಮಾ ಬಯಲಿನ ಸುಂಟರಗಾಳಿ ಮೈಲಿಗಟ್ಟಲೆ ದೂರದಿಂದ, ಸಂಜೆ ಬೆಳಕಿನಲ್ಲಿ ಕಾಣಿಸುತ್ತದೆ. ಇಲ್ಲಿ ಗುಡ್ಡ, ಕಾಡು, ಮಳೆಯ ತೆರೆ. ಟೆನೆಸ್ಸಿಯ ಸುಂಟರಗಾಳಿಗಳಲ್ಲಿ ಅರ್ಧಕ್ಕೆ ಸಮೀಪ ರಾತ್ರಿಯವು; ಚಳಿಗಾಲದಲ್ಲಿ ರಾತ್ರಿಯೂ ಉದ್ದ. ರಾತ್ರಿಯ ಸುಂಟರಗಾಳಿ ಕೊಲ್ಲುವ ಸಂಭವ ಹಗಲಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. 2020ರ ಮಾರ್ಚ್ 3ರಂದು ನಡುರಾತ್ರಿ ದಾಟಿದ ಮೇಲೆ ನ್ಯಾಶ್‌ವಿಲ್ ಮತ್ತು ಕುಕ್‌ವಿಲ್‌ಗಳನ್ನು ಹೊಡೆದ ಸುಂಟರಗಾಳಿಗಳಲ್ಲಿ 24 ಜನ ಸತ್ತರು, ಹಲವರು ಮಲಗಿದ್ದವರು. ನೆಲಮಾಳಿಗೆ ಇದ್ದರೆ ಇಳಿದು ಕೂರಬಹುದು. ಆದರೆ ಇಲ್ಲಿ ನೆಲ ಅಗೆದರೆ ಬೇಗನೆ ಸುಣ್ಣದಕಲ್ಲು ಸಿಗುತ್ತದೆ. ನೆಲಮಾಳಿಗೆಯಿಲ್ಲದ ಮನೆಗಳೇ ಬಹಳ. ಇನ್ನು ಮೊಬೈಲ್ ಹೋಮ್‌ಗಳಲ್ಲಿ, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದು ಖಾಲಿ ನೆಲದ ಮೇಲೆ ಕೂರಿಸಿದ ಅಗ್ಗದ ಮನೆಗಳಲ್ಲಿ ಇರುವವರಿಗೆ ಸಣ್ಣ ಗಾಳಿಯೂ ದೊಡ್ಡದೇ. ಅವರ ಸಂಖ್ಯೆಗೆ ಹೋಲಿಸಿದರೆ ಸಾವಿನಲ್ಲಿ ಅವರ ಪಾಲು ತೀರಾ ಹೆಚ್ಚು.

ಇದೆಲ್ಲ ಭೂಮಿ ಬಿಸಿಯಾದ್ದರಿಂದಲೇ ಆಯಿತೇ ಎಂದು ಕೇಳಿದರೆ ವಿಜ್ಞಾನಿಗಳು ಅವಸರದ ಉತ್ತರ ಕೊಡುವುದಿಲ್ಲ. ಚಳಿಗಾಲದ ಸುಂಟರಗಾಳಿ ಈ ಸೀಮೆಗೆ ಹೊಸದಲ್ಲ; 2008ರ ಫೆಬ್ರವರಿ 5–6ರಂದು ಇದೇ ದಕ್ಷಿಣದ ರಾಜ್ಯಗಳಲ್ಲಿ 57 ಜನ ಸತ್ತಿದ್ದರು. ದೇಶದ ಒಟ್ಟು ಸುಂಟರಗಾಳಿಗಳ ವಾರ್ಷಿಕ ಲೆಕ್ಕದಲ್ಲಿ ಸ್ಪಷ್ಟ ಏರಿಕೆ ಕಾಣುವುದಿಲ್ಲ. ಕಾಣುವುದು ಬೇರೆ: ಅವು ಹುಟ್ಟಲು ಅನುಕೂಲವಾದ ವಾತಾವರಣ ಪಶ್ಚಿಮದ ಬಯಲಿನಿಂದ ಪೂರ್ವಕ್ಕೆ, ಜನ ಹೆಚ್ಚಿರುವ ಕಡೆಗೆ ಸರಿಯುತ್ತಿದೆ, ಅವು ಕಡಿಮೆ ದಿನಗಳಲ್ಲಿ ಗುಂಪುಗುಂಪಾಗಿ ಬರುತ್ತಿವೆ. ಚಳಿಗಾಲದ ತಿಂಗಳುಗಳು ಬೆಚ್ಚಗಾದಷ್ಟೂ ಇಲ್ಲದಿದ್ದ ತೇವ ಒದಗುತ್ತದೆ ಎಂಬುದರಲ್ಲಿ ತರ್ಕವಿದೆ. 2021ರ ಡಿಸೆಂಬರ್ 15ರಂದು ಹಿಮದ ನಾಡಾದ ಮಿನ್ನೆಸೋಟ ತನ್ನ ದಾಖಲಿತ ಇತಿಹಾಸದ ಮೊದಲ ಡಿಸೆಂಬರ್ ಸುಂಟರಗಾಳಿಯನ್ನು ಕಂಡಿತು. 2024ರ ಫೆಬ್ರವರಿ 8ರಂದು ವಿಸ್ಕಾನ್ಸಿನ್ ತನ್ನ ಮೊದಲ ಫೆಬ್ರವರಿ ಸುಂಟರಗಾಳಿಯನ್ನು ಕಂಡಿತು. ಒಂದೊಂದು ಘಟನೆಯೂ ಸಾಕ್ಷಿಯಾಗದಿರಬಹುದು. ಆದರೆ ಇಂಥ ತಿಂಗಳಲ್ಲಿ ಇಂಥದ್ದು ಬರುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲ ತಿಂಗಳುಗಳು ಕಡಿಮೆಯಾಗುತ್ತಿವೆ.

ಅಕ್ಕನಿಗೆ ಈ ಮಾತು ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ನಾವು ಬೆಳೆದದ್ದು ಸಕಲೇಶಪುರದ ಕಡೆಯ ಕಾಫಿ ಸೀಮೆಯಲ್ಲಿ. ಡಿಸೆಂಬರ್, ಜನವರಿ ಎಂದರೆ ಹಣ್ಣು ಕುಯ್ದು ಕಣದಲ್ಲಿ ಒಣಗಿಸುವ ಕಾಲ. ಮಳೆ ಬರುವುದಿಲ್ಲ ಎಂಬ ಭರವಸೆಯ ಮೇಲೆಯೇ ಆ ಎರಡು ತಿಂಗಳ ಬದುಕು ನಿಂತಿತ್ತು. ಮಾರ್ಚ್‌ನ ಹೂಮಳೆಗೆ ಕಾಯುತ್ತಿದ್ದೆವು, ಆಷಾಢದ ಮಳೆಗೆ ಹೆದರುತ್ತಿದ್ದೆವು. ನಡುವೆ ಆಕಾಶದ ಚಿಂತೆಯಿಲ್ಲದ ಈ ಒಣ ತಿಂಗಳುಗಳಿದ್ದವು. ಈಚಿನ ವರ್ಷಗಳಲ್ಲಿ ಕೊಯ್ಲಿನ ನಡುವೆ ಬಂದ ಮಳೆಗೆ ಹಣ್ಣು ಉದುರಿ, ಕಣದಲ್ಲಿದ್ದದ್ದು ಬೂಷ್ಟು ಹಿಡಿದ ಸುದ್ದಿ ಫೋನಿನಲ್ಲಿ ಬರುತ್ತಲೇ ಇದೆ. "ಅಲ್ಲಿ ಬೆಳೆ ಹೋಗುತ್ತೆ, ಇಲ್ಲಿ ಮನೆ ಹೋಗುತ್ತೆ. ನಿದ್ದೆ ಮಾತ್ರ ಎರಡೂ ಕಡೆ ಹೋಗುತ್ತೆ ಕಣೋ," ಎಂದಳು. ಅಪಾಯದ ತೂಕ ಒಂದೇ ಅಲ್ಲ, ಅದು ಅವಳಿಗೂ ಗೊತ್ತು. ಮೇಫೀಲ್ಡ್‌ನ ಹಿರಿಯರು ಹೇಳಿದ್ದೂ ಇದನ್ನೇ. ಚಳಿಗಾಲ ಬೆಚ್ಚಗಾದಾಗ ಕಳೆದುಹೋಗುವುದು ಚಳಿಯೊಂದೇ ಅಲ್ಲ, ಬಿಡುವು. ವರ್ಷದಲ್ಲಿ ಕೆಲವು ತಿಂಗಳಾದರೂ ಕಾವಲು ಕಾಯದೆ ಮಲಗಬಹುದು ಎಂಬ ಭರವಸೆಯನ್ನು ಋತು ಪುಕ್ಕಟೆಯಾಗಿ, ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಕೊಡುತ್ತಿತ್ತು.

ನಾನಿದ್ದಾಗಲೇ ಒಂದು ರಾತ್ರಿ ಆ ಕಾವಲನ್ನು ಕಂಡೆ. ಹಗಲೆಲ್ಲ ತೆಂಕಣ ಗಾಳಿ ಬೀಸಿತ್ತು. ಮಧ್ಯಾಹ್ನವೇ ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಮುನ್ಸೂಚನಾ ಕೇಂದ್ರದ ನಕ್ಷೆಯಲ್ಲಿ ನಮ್ಮ ಜಿಲ್ಲೆಗೆ ಬಣ್ಣ ಬಿದ್ದಿತ್ತು. ಸಂಜೆ ಏಳಕ್ಕೆ ಮೊದಲ ಹಂತದ ಸೂಚನೆ ಬಂತು: ಸುಂಟರಗಾಳಿ ಹುಟ್ಟುವ ಅನುಕೂಲವಿದೆ, ಸಿದ್ಧರಿರಿ. ರೇಡಾರ್‌ನಲ್ಲಿ ಸುತ್ತು ಕಂಡರೆ ಅಥವಾ ಯಾರಾದರೂ ಕಣ್ಣಾರೆ ಕಂಡರೆ ಎರಡನೆಯದು ಬರುತ್ತದೆ: ಈಗಲೇ ಅಡಗಿಕೊಳ್ಳಿ. ಎರಡರ ನಡುವೆ ಗಂಟೆಗಳೂ ಇರಬಹುದು, ನಿಮಿಷಗಳೂ ಇರಬಹುದು, ಎರಡನೆಯದು ಬಾರದೆಯೂ ಇರಬಹುದು. ಹೆಚ್ಚಿನ ಸಲ ಬರುವುದಿಲ್ಲ. ದಣಿವು ಹುಟ್ಟುವುದೇ ಅಲ್ಲಿ.

ಮೆಟ್ಟಿಲ ಕೆಳಗಿನ ಉಗ್ರಾಣವೇ ಅಕ್ಕನ ಮನೆಯ ಆಸರೆ. ಅಕ್ಕಿಚೀಲ, ಉಪ್ಪಿನಕಾಯಿ ಜಾಡಿಗಳನ್ನು ಒಂದು ಬದಿಗೆ ಸರಿಸಿ ಚಾಪೆ ಹಾಸಿದರು. ಮಕ್ಕಳ ಸೈಕಲ್ ಹೆಲ್ಮೆಟ್, ಟಾರ್ಚು, ನೀರು, ಪಾಸ್‌ಪೋರ್ಟುಗಳ ಚೀಲ. ಎಲ್ಲರ ಶೂಗಳನ್ನೂ ಒಳಗೆ ಸಾಲಾಗಿ ಇಟ್ಟರು. ಆಮೇಲೆ ನಡೆಯಬೇಕಾಗಿ ಬಂದರೆ ನೆಲದ ತುಂಬ ಗಾಜು, ಮೊಳೆ ಇರುತ್ತವೆ. ಮನೆಯೊಳಗೆ ಚಪ್ಪಲಿ ತರಬಾರದೆಂದು ಜಗಳವಾಡುವ ನನ್ನ ಅಕ್ಕ ಉಗ್ರಾಣದಲ್ಲಿ, ಅಕ್ಕಿಚೀಲದ ಪಕ್ಕ ಶೂ ಜೋಡಿಸುತ್ತಿದ್ದಳು.

ಹತ್ತು ಗಂಟೆಯ ಸುಮಾರಿಗೆ ಬಾಗಿಲು ತಟ್ಟಿದ ಸದ್ದಾಯಿತು. ಒಬ್ಬ ಹೆಂಗಸು, ಎರಡು ಮಕ್ಕಳು, ಒಂದು ನಾಯಿ. ರಸ್ತೆಯಾಚೆಯ ಮೊಬೈಲ್ ಹೋಮ್‌ಗಳ ಸಾಲಿನವರು. ಅಕ್ಕ ಕೇಳದೆಯೇ ಮಕ್ಕಳನ್ನು ಒಳಗೆ ಕರೆದು, ಉಳಿದಿದ್ದ ಚಿತ್ರಾನ್ನ ಬಿಸಿ ಮಾಡಿದಳು. ಆಗ ನನಗೆ ವ್ಯವಸ್ಥೆ ತಿಳಿಯಿತು. 2023ರ ನಂತರ ಈ ಬೀದಿಯ ಕೆಲವು ಮನೆಯವರು ಪಾಳಿ ಹಾಕಿಕೊಂಡಿದ್ದಾರೆ. ಮೊದಲ ಸೂಚನೆ ಬಂದ ರಾತ್ರಿ ಒಂದು ಮನೆಯವರು ಎದ್ದಿರುತ್ತಾರೆ, ಉಳಿದವರು ಮಲಗುತ್ತಾರೆ. ಎರಡನೆಯ ಸೂಚನೆ ಬಂದರೆ ಎದ್ದಿದ್ದವರು ಪ್ರತಿ ಮನೆಗೂ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಬಾಗಿಲು ಬಡಿಯುತ್ತಾರೆ. ಮನೆ ಗಟ್ಟಿಯಿಲ್ಲದವರು ಎರಡನೆಯದಕ್ಕೆ ಕಾಯದೆ ಮೊದಲ ಸೂಚನೆಗೇ ಬಂದುಬಿಡುತ್ತಾರೆ. ಅಂದು ಕಾವಲಿನ ಪಾಳಿ ಭಾವನದು. ಟಿವಿಯ ಸದ್ದು ಅಡಗಿಸಿ, ರೇಡಾರ್‌ನ ಹಸಿರು ಕೆಂಪು ಚಿತ್ತಾರದ ಮುಂದೆ ಫಿಲ್ಟರ್ ಕಾಫಿ ಹಿಡಿದು ಕೂತರು. ಬಂದಾಕೆ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕಿತ್ತು. ಮಕ್ಕಳ ಪಕ್ಕ ಚಾಪೆಯ ಮೇಲೆ ಮಲಗಿದವಳು ಕೂಡಲೇ ನಿದ್ದೆಹೋದಳು.

ಆ ರಾತ್ರಿ ರೇಡಿಯೊ ಅರಚಲಿಲ್ಲ. ಎರಡು ಗಂಟೆಯ ಹೊತ್ತಿಗೆ ಗುಡುಗಿನ ಸಾಲು ಪೂರ್ವಕ್ಕೆ ದಾಟಿತು, ಗಾಳಿ ದಿಕ್ಕು ಬದಲಿಸಿ ಬೆಳಗಿನೊಳಗೆ ಚಳಿ ಬಂತು. ಏನೂ ಆಗಲಿಲ್ಲವಲ್ಲ, ಸುಮ್ಮನೆ ನಿದ್ದೆಗೆಟ್ಟೆವು ಎಂದು ಯಾರೂ ಅನ್ನಲಿಲ್ಲ. ಒಬ್ಬರು ನಿದ್ದೆಗೆಟ್ಟಿದ್ದರು, ಇಡೀ ಬೀದಿ ಮಲಗಿತ್ತು.

ಈ ನಾಡು ರೇಡಾರ್‌ಗಳ ಮೇಲೆ, ಉಪಗ್ರಹಗಳ ಮೇಲೆ ಖರ್ಚು ಮಾಡಿದೆ, ಅದರಿಂದ ಸಾವಿರಾರು ಜೀವ ಉಳಿದಿವೆ. 1925ರಲ್ಲಿ ಮುನ್ಸೂಚನೆಯೇ ಇಲ್ಲದೆ ಸತ್ತವರಿಗೂ ಇವತ್ತಿನವರಿಗೂ ಇರುವ ಅಂತರ ದೊಡ್ಡದು. ಆದರೆ ಸೂಚನೆ ತಲುಪಿದ ಮೇಲೆ ಏನು ಮಾಡಬಹುದು ಎಂಬುದು ಅವರವರ ಮನೆ, ಅವರವರ ಕೆಲಸದ ಪಾಳಿಯನ್ನು ಅವಲಂಬಿಸಿದೆ. ಋತು ಎಲ್ಲರಿಗೂ ಸಮನಾಗಿ ಕೊಡುತ್ತಿದ್ದ ಬಿಡುವನ್ನು ಅದು ಹಿಂತೆಗೆದುಕೊಂಡ ಮೇಲೆ ಉಳಿದಿರುವುದು ಮನುಷ್ಯರು ಒಬ್ಬರಿಗೊಬ್ಬರು ಕೊಡಬಹುದಾದ ಬಿಡುವು ಮಾತ್ರ. ಅದನ್ನು ಒಂದು ಬೀದಿ ಚಾಪೆ, ಚಿತ್ರಾನ್ನಗಳಲ್ಲಿ ಕೊಡಬಲ್ಲದು; ಒಂದು ಕೌಂಟಿ ರಾತ್ರಿ ತೆರೆದಿಡುವ ಆಸರೆಮನೆಯ ರೂಪದಲ್ಲಿ ಕೊಡಬೇಕು; ಒಂದು ಕಾರ್ಖಾನೆ ಹಬ್ಬದ ಆರ್ಡರ್ ಒಂದು ರಾತ್ರಿ ತಡವಾದರೂ ಸರಿ ಎಂಬ ಒಂದೇ ಮಾತಿನಲ್ಲಿ ಕೊಡಬಹುದು. ಮೇಫೀಲ್ಡ್‌ನಲ್ಲಿ ಆ ರಾತ್ರಿ ಸೈರನ್ ಕೂಗಿತ್ತು. ಯಂತ್ರದ ಮುಂದೆ ನಿಂತಿದ್ದವರಿಗೂ ಅದು ಕೇಳಿಸಿತ್ತು.